ಬೆಸ್ಟ್ ಕಪಲ್

"ಲೇ ಶಶೀ, ಕಿಟಕಿ ಕಡಿ ನಂಗೂ ಒಂದು ಸೀಟು ಹಿಡಿಯೇ!"

ಬಳ್ಳಾರಿಯ ಗಾಂಧಿನಗರದಲ್ಲಿ ನಿಂತಿದ್ದ ಕಂಪನಿ ಬಸ್ಸಿನ ಮೆಟ್ಟಿಲ ಮೇಲಿಂದ ಕರೂರಿನ ಹುಲುಗಮ್ಮಕ್ಕ ಹೀಗೆ ಕೂಗಿದಾಗ ಬಸ್ಸಿನೊಳಗಿನ ಗದ್ದಲವೆಲ್ಲ ಒಮ್ಮೆಲೇ ನಿಂತುಹೋಯಿತು. ಯಾಕೆಂದರೆ ಶಶಿ, ಅಂದರೆ ನನ್ನ ಅಕ್ಕ ಶಶಿರೇಖಾ, ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ಅವಳ ಸ್ವೆಟರ್ ಹಾಕಿಕೊಂಡು, ಅವಳ ಗಂಡನ ಪಕ್ಕದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದವಳು ನಾನು, ಅರುಣಾ.

ನಾನು ತಿರುಗಿದ ಕೂಡಲೇ ಹುಲುಗಮ್ಮಕ್ಕ ನಾಲಿಗೆ ಕಚ್ಚಿಕೊಂಡಳು. "ಯವ್ವಾ, ತಪ್ಪಾತು ನೋಡು. ಹಿಂದಿಂದ ಥೇಟ್ ಆಕಿನ ಕಂಡಂಗಾತು."

"ಬಾಯಿ ಮುಚ್ಚಿಕೊಂಡು ಹತ್ತು," ಎಂದು ಅವಳ ಗಂಡ ಕೊಟ್ಟೂರಪ್ಪ ಗದರಿದ.

"ಇರ್ಲಿ ಬರ್ರಿ ಅಕ್ಕಾ, ಸೀಟು ಹಿಡದೀನಿ," ಅಂದೆ ನಾನು, ನಗುತ್ತ. ನನಗೆ ಇದೇನು ಹೊಸದಲ್ಲ. ಮನೆಯಲ್ಲಿ ಅತ್ತೆಯೂ ಹಾಗೇ ಕೂಗುತ್ತಾಳೆ, ನಾನು ಹೂಂ ಎನ್ನುತ್ತ ಹೋಗುತ್ತೇನೆ. ತಿದ್ದುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ನನ್ನ ಗಂಡ ಶೇಖರ್ ಮಾತ್ರ ಏನೂ ಕೇಳಿಸದವರ ಹಾಗೆ ಮೇಲಿನ ರ‍್ಯಾಕಿನಲ್ಲಿ ಬ್ಯಾಗು ತುರುಕುತ್ತಲೇ ಇದ್ದರು. ಆ ಬ್ಯಾಗು ಆಗಲೇ ಒಳಗೆ ಹೋಗಿತ್ತು.

ನಮ್ಮ ಪ್ರಯಾಣ ಮಾರಿಷಸ್ಸಿಗೆ. ಸಿರುಗುಪ್ಪದಲ್ಲಿ ನಮ್ಮದು ಗೊಬ್ಬರ ಮತ್ತು ಬೆಳೆ ಔಷಧಿಯ ಅಂಗಡಿ. ಔಷಧಿಯನ್ನು ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿಯವರು ಹೆಂಡತಿ ಸಮೇತ ಫಾರಿನ್ನಿಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಕಪಲ್ ಟೂರ್ ಅಂತ ಹೆಸರು. ನಮ್ಮ ಅಂಗಡಿಯ ಟಾರ್ಗೆಟ್ ಮುಟ್ಟಿಸಿದವಳು ಅಕ್ಕ. ಗದ್ದೆಗದ್ದೆಗೆ ಸ್ಕೂಟಿಯಲ್ಲಿ ಹೋಗಿ, ಬದುವಿನ ಮೇಲೆ ನಿಂತು ರೈತರ ಜೊತೆ ಹರಟಿ ಮಾಲು ಮಾರುತ್ತಿದ್ದಳು. ಸಮುದ್ರ ನೋಡಬೇಕೆಂಬ ಹುಚ್ಚು ಅವಳಿಗೆ. ಕಂಪನಿಯವರು ಈ ಸೀಸನ್, ಮುಂದಿನ ಸೀಸನ್ ಎಂದು ಟೂರನ್ನು ಮುಂದೂಡುತ್ತ ಬಂದರು. ನಡುವೆ ಅಕ್ಕನಿಗೆ ಡೆಂಗಿ ಬಂತು, ಅವಳು ಹೋಗಿಬಿಟ್ಟಳು.

ಶೇಖರ್ ನಮ್ಮ ಸೋದರತ್ತೆಯ ಮಗ. ನನಗೆ ಬುದ್ಧಿ ಬಂದಾಗಿನಿಂದ ಭಾವ. ಅಕ್ಕನನ್ನು ಕೊಟ್ಟಾಗಲೂ ಭಾವ, ಅಕ್ಕ ಹೋದ ಮೇಲೆ ನನ್ನನ್ನು ಕೊಟ್ಟಾಗಲೂ ಭಾವ. ಅತ್ತೆ ಹೊನ್ನೂರಮ್ಮ ಕುರುಗೋಡಿಗೆ ಬಂದು ನಮ್ಮಪ್ಪನ ಮುಂದೆ ಸೆರಗೊಡ್ಡಿ, "ನಿನ್ನ ಮನಿ ಹೆಣ್ಣು ಬಿಟ್ಟು ಬ್ಯಾರೆ ಹೆಣ್ಣು ನನ್ನ ಹೊಸ್ತಲ ತುಳಿಬಾರದಣ್ಣಾ," ಅಂದಳು. ಅಪ್ಪ ಒಪ್ಪಿದ. ಅವ್ವ ಅಕ್ಕನ ಸೀರೆ ಟ್ರಂಕಿನ ಬೀಗದ ಕೈ ತಂದು ನನ್ನ ಕೈಗೆ ಕೊಟ್ಟಳು. ಆಗ ನಾನು ಬಳ್ಳಾರಿಯಲ್ಲಿ ಬಿ.ಎಡ್. ಓದುತ್ತಿದ್ದೆ. ಪರೀಕ್ಷೆ ಯಾವಾಗ ಎಂದು ಕೂಡ ಯಾರೂ ಕೇಳಲಿಲ್ಲ.

ಇಷ್ಟಕ್ಕೇ ನನ್ನನ್ನು ಪಾಪ ಅನ್ನಬೇಡಿ. ಆ ಮನುಷ್ಯ ನನಗೆ ಇಷ್ಟವಾಗಿಬಿಟ್ಟಿದ್ದರು. ಮೊದಲಲ್ಲ, ದೇವರಾಣೆ, ಮದುವೆಯಾದ ಮೇಲೆ. ರೈತರು ರೋಗ ಬಿದ್ದ ಭತ್ತದ ಗರಿ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ. ಭಾವ ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಹೆಬ್ಬೆರಳಿನಿಂದ ಸವರಿ, ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲದವರಂತೆ ನೋಡುತ್ತಾರೆ. ಆ ನೋಟ ನೋಡಿ ನನಗೆ ಒಂದು ಗರಿಯ ಮೇಲೆ ಹೊಟ್ಟೆಕಿಚ್ಚು ಬಂದಿತ್ತು. ನಮ್ಮ ಮನೆಯಲ್ಲಿ ನಾವಿಬ್ಬರೂ ಒಂದೇ ಲಾಡ್ಜಿನ ಎರಡು ಗಿರಾಕಿಗಳ ಹಾಗೆ ಇದ್ದೆವು. ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದೇ ಇಲ್ಲ.

ಹಾಗಾಗಿ ಕಂಪನಿಯವರು ಫೋನು ಮಾಡಿ, "ಸರ್, ಕಪಲ್ಲೋ ಸಿಂಗಲ್ಲೋ?" ಎಂದು ಕೇಳಿದಾಗ ಭಾವ "ಕಪಲ್," ಅಂದದ್ದನ್ನು ಅಡುಗೆಮನೆಯಿಂದಲೇ ಕೇಳಿಸಿಕೊಂಡ ನಾನು ಒಗ್ಗರಣೆಯ ಸಾಸಿವೆ ಪೂರಾ ಸೀಯಿಸಿದೆ.

*

ಬಳ್ಳಾರಿಯಿಂದ ಬೆಂಗಳೂರಿಗೆ ಬಸ್ಸು, ಬೆಂಗಳೂರಿನಿಂದ ಮುಂಬೈಗೆ ಒಂದು ವಿಮಾನ, ಮುಂಬೈಯಿಂದ ಮಾರಿಷಸ್ಸಿಗೆ ಇನ್ನೊಂದು. ಪ್ರತಿಸಲವೂ ಭಾವ ನನ್ನನ್ನು ಮುಂದೆ ಬಿಟ್ಟು, "ಕಿಟಕಿ ಕಡಿ ನೀ ಕೂಡು. ನಿಂಗ ಸೇರತೈತಲ್ಲ," ಅನ್ನುತ್ತಿದ್ದರು.

ನನಗೆ ಸೇರುವುದಿಲ್ಲ. ಕಿಟಕಿಯಾಚೆ ಗಿಡಮರ ಓಡಲು ಶುರುವಾದರೆ ನನ್ನ ಹೊಟ್ಟೆ ತೊಳಸುತ್ತದೆ. ಕಿಟಕಿಗೆ ಹಣೆ ಒತ್ತಿಕೊಂಡು ಊರು ಬಂದರೂ ಏಳದವಳು ಅಕ್ಕ. ಆದರೂ ಪ್ರತಿಸಲ ನಾನು ಹೋಗಿ ಕಿಟಕಿಯ ಪಕ್ಕ ಕುಳಿತೆ. ಅಷ್ಟು ಪ್ರೀತಿಯಿಂದ ಬಿಟ್ಟುಕೊಟ್ಟ ಸೀಟನ್ನು ಬೇಡ ಅನ್ನುವುದು ಹೇಗೆ?

ವಿಮಾನದಲ್ಲಿ ನಮ್ಮ ಹಿಂದೆ ಗಾಂಧಿನಗರದ ಡೀಲರ್ ಶಕೀಲ್ ಮತ್ತು ಅವನ ಹೆಂಡತಿ ಜಾಸ್ಮಿನ್ ಇದ್ದರು. ಇಬ್ಬರದೂ ಬಸ್ಸಿನಿಂದ ಶುರುವಾದ ಜಗಳ ಮೋಡದ ಮೇಲೂ ಮುಂದುವರಿದಿತ್ತು. ಪಕ್ಕದ ಸಾಲಿನಲ್ಲಿ ಹುಲುಗಮ್ಮಕ್ಕ ಸೀರೆಗಳ ನಡುವೆ ಅಡಗಿಸಿ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿ, ಗಗನಸಖಿಗೂ ಒಂದು ಮುರಿದು ಕೊಟ್ಟಳು. ಆ ಹುಡುಗಿ ತಿಂದಳು ಕೂಡ.

ಕಡಲ ಮೇಲೆ ಬಂದಾಗ ವಿಮಾನ ಜೋರಾಗಿ ಕುಲುಕಿತು. ನಾನು ಕಣ್ಣು ಮುಚ್ಚಿದೆ. ಭಾವನ ಕೈ ಬಂದು ನನ್ನ ಕೈಯನ್ನು ಹಿಡಿಯಿತು.

"ಹೆದರಬ್ಯಾಡ. ನಮ್ಮ ತೆಕ್ಕಲಕೋಟಿ ರೋಡಿಗಿಂತ ಬೇಸೈತಿ ಇದು."

ನಾನು ನಕ್ಕೆ. ಕುಲುಕಾಟ ನಿಂತಿತು. ಅವರ ಕೈ ಮಾತ್ರ ಹಾಗೇ ಇತ್ತು. ನಾನು ಅಲುಗಾಡಲಿಲ್ಲ, ಮೂಗು ತುರಿಸುತ್ತಿದ್ದರೂ ಸುಮ್ಮನಿದ್ದೆ. ಅಲುಗಾಡಿದರೆ ಅವರಿಗೆ ನೆನಪಾಗಿ ಬಿಟ್ಟುಬಿಡುತ್ತಾರೆ ಎಂದು ನನಗೆ ಹೆದರಿಕೆ.

*

ರೆಸಾರ್ಟಿನಲ್ಲಿ ಕೊರಳಿಗೆ ಹೂವಿನ ಹಾರ, ಕೈಗೆ ಎಳನೀರು ಕೊಟ್ಟು ಸ್ವಾಗತಿಸಿದರು. ನೀರು ಎಷ್ಟು ತಿಳಿ ಎಂದರೆ ದಡದಿಂದಲೇ ಮೀನು ಕಾಣುತ್ತಿದ್ದವು. ಎಳನೀರು ತಂದ ಹುಡುಗಿಯ ಮುತ್ತಜ್ಜಂದಿರು ಕಬ್ಬಿನ ತೋಟಕ್ಕೆ ಕೂಲಿಗೆ ಬಂದ ತೆಲುಗರಂತೆ. "ಬಾಗುನ್ನಾರಾ?" ಎಂದು ಅವಳು ತೊದಲುತ್ತ ಕ್ಷೇಮ ಕೇಳಿದ್ದೇ ತಡ, ಹುಲುಗಮ್ಮಕ್ಕ ಅವಳ ಗದ್ದ ಹಿಡಿದು, "ನಮ್ಮ ಕಡಿ ಹುಡುಗಿ ನೋಡ್ರಿ ಇಕಿ!" ಎಂದು ಊರಿಗೆಲ್ಲ ಸಾರಿದಳು.

ನಮ್ಮ ಕೋಣೆಯ ಮಂಚದ ಮೇಲೆ ಗುಲಾಬಿ ಎಸಳಿನಿಂದ ಹೃದಯ ಬರೆದು, ಟವೆಲಿನಿಂದ ಎರಡು ಹಂಸ ಮಾಡಿ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂರಿಸಿದ್ದರು. ನಾವು ಮಂಚದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ನೋಡಿದೆವು.

"ಇಷ್ಟು ಕಷ್ಟಪಟ್ಟು ಮಾಡ್ಯಾರ. ಕೆಡಸೋದು ಹೆಂಗ?" ಅಂದರು ಭಾವ.

"ಮಲಗಿದ್ರ ತಾನ ಕೆಡತೈತಿ," ಅಂದೆ. ಅಂದ ಮೇಲೆ ನನ್ನ ಮುಖ ಬಿಸಿಯಾಯಿತು. ಭಾವನ ಕಿವಿಯ ತುದಿ ಕೆಂಪಾದದ್ದನ್ನು ನಾನು ನೋಡಿದೆ. ನೋಡಿದ್ದು ಅವರಿಗೂ ಗೊತ್ತಾಯಿತು. ಆಮೇಲೆ ಅವರು ಸೋಫಾದ ಮೇಲೆ ದಿಂಬು ಹಾಕಿಕೊಂಡರು.

ಬೆಳಗ್ಗೆ ಡೀಲರುಗಳೆಲ್ಲ ಕಂಪನಿ ಕೊಟ್ಟ ಒಂದೇ ನಮೂನೆಯ ದಾಸವಾಳದ ಶರ್ಟು ಹಾಕಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು ಕಡಲಿಗಿಳಿದರು. ಬ್ಯಾಂಡ್ ಸೆಟ್ಟಿನವರು ದಾರಿ ತಪ್ಪಿ ಬಂದಂತಿತ್ತು. ನಾನು ಚೂಡಿದಾರದ ಪ್ಯಾಂಟು ಮಡಚಿ ದಡದಲ್ಲೇ ನಿಂತಿದ್ದೆ.

"ಬಾ," ಎಂದು ಭಾವ ನೀರಿನಿಂದ ಕೈ ಚಾಚಿದರು.

"ಬ್ಯಾಡ ಭಾವ, ಜಾರತೈತಿ."

"ನಾ ಅದೀನಿ, ಬಾ."

ಹೋದೆ. ಮೊಣಕಾಲಿನವರೆಗೆ ನೀರು ಬಂತು. ಒಂದು ಅಲೆ ಬಂದು ನನ್ನನ್ನು ಅವರ ಮೇಲೆ ತಳ್ಳಿತು. ಇಬ್ಬರೂ ತೊಪ್ಪನೆ ಕೂತೆವು. ಬಾಯಿತುಂಬ ಉಪ್ಪುನೀರು ತುಂಬಿಕೊಂಡು ನಾನು ಕೂಗುತ್ತ ನಕ್ಕೆ. ಅಷ್ಟು ಜೋರಾಗಿ ನಕ್ಕು ಎಷ್ಟು ಕಾಲವಾಗಿತ್ತೋ. ಭಾವ ನಗುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಭತ್ತದ ಗರಿಯನ್ನು ನೋಡುವ ಅದೇ ನೋಟ.

"ಮೂಗಿನ ಮ್ಯಾಲ ಕ್ರೀಮು ಹಂಗ ಉಳದೈತಿ," ಎಂದು ಹೆಬ್ಬೆರಳಿನಿಂದ ನಿಧಾನಕ್ಕೆ ಒರೆಸಿದರು. ಒರೆಸಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು. ಆಮೇಲೆ ಕಡಲಿನ ಕಡೆಗೆ ತಿರುಗಿ ಮೆಲ್ಲಗೆ ಅಂದರು, "ಶಶಿಗಿ ಇದನ್ನ ತೋರಸಬೇಕಿತ್ತು."

"ಹೂಂ," ಅಂದೆ.

ನನಗೆ ಸಿಟ್ಟು ಬಂತು. ಅವರ ಮೇಲೆ ಬಂತು, ಸತ್ತ ಅಕ್ಕನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ಬಂತು. ಯಾಕೆಂದರೆ ಆ ಅಲೆ ಬಂದಾಗ ನಾನು ಕೂಡ ಅವಳನ್ನೇ ನೆನೆದಿದ್ದೆ.

ಆ ದಿನ ಸಂಜೆ ಕಂಪನಿಯ ಪಾರ್ಟಿ. ಅದಕ್ಕೆಂದೇ ಬಳ್ಳಾರಿಯಲ್ಲಿ ಒಂದು ಹೊಸ ಸೀರೆ ತೆಗೆದುಕೊಂಡಿದ್ದೆ. ಎರಡನೆಯವಳಾಗಿ ಹೋದವಳು ಹೊಸ ಸೀರೆ ಉಡುವ ಮೊದಲು ಅದನ್ನು ಮೊದಲನೆಯವಳ ಫೋಟೋದ ಮುಂದೆ ಇಟ್ಟು ಕೈಮುಗಿಯಬೇಕು. ನಮ್ಮ ಕಡೆ ಪದ್ಧತಿ. ಅತ್ತೆ ಹೊರಡುವಾಗಲೂ ನೆನಪು ಮಾಡಿ ಕಳಿಸಿದ್ದಳು. ಫೋಟೋ ಎಲ್ಲಿಂದ ತರಲಿ? ಮೊಬೈಲಿನಲ್ಲಿ ಅಕ್ಕನ ಚಿತ್ರ ತೆಗೆದು, ಕನ್ನಡಿಯ ಮುಂದೆ ನಿಲ್ಲಿಸಿ, ಸೀರೆ ಇಟ್ಟೆ. ಸ್ನಾನ ಮುಗಿಸಿ ಬಂದ ಭಾವ ಬಾಗಿಲಲ್ಲೇ ನಿಂತರು. ಅಷ್ಟರಲ್ಲಿ ಮೊಬೈಲಿನ ಬೆಳಕು ಆರಿತು. ಅವರು ಬಂದು, ಒದ್ದೆ ಬೆರಳಿನಿಂದ ಮುಟ್ಟಿ, ಮತ್ತೆ ಹೊತ್ತಿಸಿದರು. ನಾನು ಕೈಮುಗಿಯುವವರೆಗೆ ಆರದಂತೆ ಮುಟ್ಟುತ್ತಲೇ ನಿಂತಿದ್ದರು.

*

ಈಜುಕೊಳದ ಪಕ್ಕದ ಹಾಲಿನಲ್ಲಿ ಪಾರ್ಟಿ. ಬೆಂಗಳೂರಿನಿಂದ ಕಂಪನಿಯ ಜೊತೆ ಬಂದಿದ್ದ ನಿರೂಪಕಿ ಹುಡುಗಿ ಮೈಕು ಹಿಡಿದು, "ಓಕೆ ಓಕೆ, ಈಗ ಬೆಸ್ಟ್ ಕಪಲ್ ಗೇಮ್! ಹೆಂಡತಿ ಬಗ್ಗೆ ಗಂಡಂಗೆ ಎಷ್ಟು ಗೊತ್ತು ಅಂತ ನೋಡೇಬಿಡೋಣ!" ಎಂದು ಕುಣಿದಳು. ಗಂಡ ಹೆಂಡತಿ ಬೆನ್ನಿಗೆ ಬೆನ್ನು ಮಾಡಿ ಕೂರಬೇಕು. ಅವಳು ಕೇಳಿದ ಪ್ರಶ್ನೆಗೆ ಇಬ್ಬರೂ ಪುಟ್ಟ ಬಿಳಿ ಬೋರ್ಡಿನ ಮೇಲೆ ಉತ್ತರ ಬರೆಯಬೇಕು. ಎರಡೂ ಒಂದೇ ಆದರೆ ಪಾಯಿಂಟು.

ಮೊದಲು ಶಕೀಲ್, ಜಾಸ್ಮಿನ್. ಎಲ್ಲ ತಪ್ಪು. "ಗುಲಾಬಿ ಬಣ್ಣ ಅಂತ ಬರದೀರಲ್ರೀ, ಯಾವತ್ತರ ಗುಲಾಬಿ ಹಾಕ್ಕೊಂಡೀನೇನ್ರೀ ನಾನು?" ಎಂದು ಜಾಸ್ಮಿನ್ ಬೋರ್ಡಿನಿಂದಲೇ ಗಂಡನ ತಲೆಗೆ ಕುಟ್ಟಿದಳು. ಹಾಲೆಲ್ಲ ಬಿದ್ದು ಬಿದ್ದು ನಕ್ಕಿತು. ತಪ್ಪು ಉತ್ತರ ಬರೆದು ಜಗಳವಾಡುವ ಅವರ ಭಾಗ್ಯ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ನಮ್ಮನ್ನು ಕರೆದರು.

"ಹೆಂಡತಿಗೆ ಇಷ್ಟದ ಬಣ್ಣ?"

ನಾನು ಪೆನ್ನಿನ ಮುಚ್ಚಳ ತೆಗೆದೆ. ಬೆನ್ನ ಹಿಂದೆ ಭಾವನ ಪೆನ್ನು ಕಿರ್ ಕಿರ್ ಎಂದು ಆಗಲೇ ಓಡುತ್ತಿತ್ತು. ಅವರು ಏನು ಬರೆಯುತ್ತಾರೆಂದು ನನಗೆ ಗೊತ್ತಿತ್ತು. ಗಿಳಿ ಹಸಿರು. ಅಕ್ಕನ ಅರ್ಧ ಟ್ರಂಕು ಅದೇ ಬಣ್ಣ. ನಾನು ಬೇರೆ ಏನು ಬರೆದರೂ ಆ ಹಸಿರು ಯಾರದೆಂದು ಅಲ್ಲಿದ್ದವರೆಲ್ಲ ತಿಳಿದುಕೊಳ್ಳುತ್ತಾರೆ. ಪರದೇಶದಲ್ಲಿ, ನಗುವ ಜನರ ನಡುವೆ, ಆ ಮನುಷ್ಯ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಗಿಳಿ ಹಸಿರು ಎಂದು ಬರೆದೆ.

"ಸೇಮ್! ಸೇಮ್!" ಚಪ್ಪಾಳೆ.

ಇಷ್ಟದ ತಿಂಡಿ? ಶೇಂಗಾ ಹೋಳಿಗೆ. ಇಬ್ಬರದೂ ಒಂದೇ. ಯಾವುದಕ್ಕೆ ಹೆದರುತ್ತಾರೆ? ಹಲ್ಲಿಗೆ. ಸಿಟ್ಟು ಬಂದರೆ ಏನು ಮಾಡುತ್ತಾರೆ? ಉಪವಾಸ ಕೂರುತ್ತಾರೆ. ಒಂದೊಂದು ಸಲ ಬೋರ್ಡು ಎತ್ತಿದಾಗಲೂ ಜನ ಎದ್ದು ನಿಂತು ಸೀಟಿ ಹೊಡೆಯುತ್ತಿದ್ದರು. ಕೊಟ್ಟೂರಪ್ಪ, "ಸಿರುಗುಪ್ಪಕ್ಕ ಜೈ!" ಎಂದು ಕೂಗಿದ.

"ಲಾಸ್ಟ್ ಕ್ವಶ್ಚನ್. ನಿಮ್ಮ ಹೆಂಡತಿಯ ಡ್ರೀಮ್ ಏನು?"

ಈ ಸಲ ಭಾವನ ಪೆನ್ನು ಬಹಳ ಹೊತ್ತು ಓಡಲಿಲ್ಲ. ನಾನೂ ಕಾದೆ. ಕೊನೆಗೆ ಇಬ್ಬರೂ ಬರೆದೆವು. ತಿರುಗಿಸಿದಾಗ ಎರಡು ಬೋರ್ಡಿನ ಮೇಲೂ ಒಂದೇ ಮಾತಿತ್ತು: ಸಮುದ್ರ ನೋಡಬೇಕು.

"ವಾವ್! ಡ್ರೀಮ್ ಕಮ್ ಟ್ರೂ!" ಎಂದು ಆ ಹುಡುಗಿ ಕಿರುಚಿದಳು. ಬಲೂನು ಒಡೆದರು, ಹೂವಿನ ಎಸಳು ಚೆಲ್ಲಿದರು. ಬೆಸ್ಟ್ ಕಪಲ್ ಎಂದು ಬರೆದ ಕೆಂಪು ಪಟ್ಟಿಯನ್ನು ಇಬ್ಬರ ಹೆಗಲಿಗೂ ಹಾಕಿದರು. ಬಹುಮಾನವಾಗಿ ಮರುದಿನ ಸಂಜೆ ದಂಡೆಯ ಮೇಲೆ ನಮ್ಮಿಬ್ಬರಿಗೆ ಮಾತ್ರ ಕ್ಯಾಂಡಲ್ ಲೈಟ್ ಡಿನ್ನರ್. ಇಡೀ ಹಾಲಿನಲ್ಲಿ ಚಪ್ಪಾಳೆ ತಟ್ಟದೆ ಕೂತವಳು ಹುಲುಗಮ್ಮಕ್ಕ ಒಬ್ಬಳೇ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

*

ಮರಳಿನ ಮೇಲೆ ಬಿಳಿ ಬಟ್ಟೆಯ ಟೇಬಲ್ಲು, ಗಾಜಿನೊಳಗೆ ಮೇಣದ ಬತ್ತಿ, ಎರಡೇ ಕುರ್ಚಿ. ಹೊತ್ತು ಇನ್ನೂ ಮುಳುಗಿರಲಿಲ್ಲ. ಆ ತೆಲುಗು ಹುಡುಗಿ ಅನ್ನ, ಬೇಳೆ, ಹುರಿದ ಮೀನು ತಂದಿಟ್ಟು, ನಮ್ಮ ಮುಖ ನೋಡಿ ಬೇಗ ಹೊರಟುಹೋದಳು. ನಿನ್ನೆಯಿಂದ ನಾವಿಬ್ಬರೂ ಬಸ್ಸಿಗೆ ಹೊತ್ತಾತು, ಟವೆಲ್ಲು ಎಲ್ಲಿ ಎಂಬಂಥ ಮಾತು ಬಿಟ್ಟು ಬೇರೆ ಆಡಿರಲಿಲ್ಲ.

"ನೀ ಯಾಕ ಹಂಗ ಬರದಿ?" ಎಂದು ಭಾವ ಕೊನೆಗೆ ಕೇಳಿದರು.

"ನೀವ್ಯಾಕ ಬರದ್ರಿ?"

"ಮೊದಲನೇದು ಕೈ ತಾನ ಬರೀತು. ಬರದ ಮ್ಯಾಲ ಎದಿ ಧಸಕ್ಕಂತು. ಅಳಸೋಣಂದ್ರ ಆ ಹುಡುಗಿ ತೋರಸ್ರಿ ಅಂದ್ಲು. ತಿರುಗಿ ನೋಡಿದ್ರ ನೀನೂ ಅದನ್ನ ಬರದೀ. ನನ್ನ ಮಾನ ಉಳಸಾಕ ಬರದೀ ಅಂತ ತಿಳೀತು." ಅವರು ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. "ಆಮ್ಯಾಲ ನಾ ನಿಂದು ಬರದ್ರ ಎಲ್ಲಾರ ಮುಂದ ನೀ ತಪ್ಪಾಗ್ತೀ. ಅದಕ್ಕ ಎಲ್ಲಾ ಆಕೀದ ಬರದೆ."

ಅಂದರೆ ಅವರನ್ನು ಉಳಿಸಲು ನಾನು, ನನ್ನನ್ನು ಉಳಿಸಲು ಅವರು. ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ಕಾಯುತ್ತ ಅಕ್ಕನ ಇಷ್ಟಗಳ ಮೇಲೆ ನಾವು ಬಹುಮಾನ ಗೆದ್ದಿದ್ದೆವು.

"ನಂದು ಬರಿಯಾಕ ನಿಮಗ ಗೊತ್ತಿದ್ರ ತಾನ?" ಎಂದು ಚುಚ್ಚಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಯೋಚನೆ ಮಾಡಿದರು. "ಬಣ್ಣ ಗೊತ್ತಿಲ್ಲ. ತಿನ್ನೋದು ಸ್ವಲ್ಪ ಗೊತ್ತೈತಿ. ಕರಕಾದ ರೊಟ್ಟಿ ನೀನ ತಗೋತಿ. ಪಾಪ, ತ್ಯಾಗ ಮಾಡ್ತಾಳ ಅಂತಾಳ ಅವ್ವ. ತ್ಯಾಗಾನೂ ಅಲ್ಲ, ಏನೂ ಅಲ್ಲ, ನಿಂಗದು ರುಚಿ."

ನನಗೆ ನಗು ಬಂದುಬಿಟ್ಟಿತು. ಅವರೂ ತುಸು ನಕ್ಕರು.

"ಹೆದರಿಕೀದು ಪೂರಾ ಗೊತ್ತೈತಿ," ಅಂದರು ಆಮೇಲೆ. "ಹಲ್ಲಿ ನೀ ಕಸಬರಿಗಿಲೆ ಹೊಡದು ಓಡಸ್ತಿ. ಅವ್ವ ಶಶಿ ಅಂತ ಕೂಗಿದಾಗ ನೀ ಹೂಂ ಅಂತಿಯಲ್ಲ, ಅದಕ್ಕಿಂತ ಮೊದ್ಲು ನಿನ್ನ ಉಸುರು ಒಂದೀಟು ನಿಂತಿರತೈತಿ. ನಾ ದಿನಾ ಕೇಳ್ತೀನಿ."

ನನ್ನ ಕಡೆ ನೋಡುವುದೇ ಇಲ್ಲ ಎಂದುಕೊಂಡಿದ್ದ ಮನುಷ್ಯ ಗೋಡೆಯಾಚೆಯಿಂದ ನನ್ನ ಉಸಿರು ಕೇಳುತ್ತಿದ್ದರು.

"ಬಣ್ಣ ಯಾವುದು ಹೇಳು. ಈಗ ಕಲಿತೀನಿ."

ಹಾಸ್ಟೆಲಿನಲ್ಲಿದ್ದಾಗ ಒಂದು ದುಪಟ್ಟಾಗಾಗಿ ಗೆಳತಿಯ ಜೊತೆ ಜಗಳವಾಡಿದ್ದು ನೆನಪಿತ್ತು, ಆ ದುಪಟ್ಟಾದ ಬಣ್ಣ ನೆನಪಿರಲಿಲ್ಲ. ಈಗ ನನ್ನ ಕಪಾಟಿನಲ್ಲಿರುವುದೆಲ್ಲ ಹಸಿರು. ಬೆಳಗ್ಗೆ ಎದ್ದು ಅಕ್ಕ ಕುಡಿಯುತ್ತಿದ್ದಷ್ಟೇ ಸಕ್ಕರೆಯ ಚಹಾ ಕುಡಿಯುತ್ತೇನೆ. ನಾನು ಹುಡುಕಿದೆ, ನಿಜವಾಗಿ ಹುಡುಕಿದೆ. ನನ್ನೊಳಗೆ ನಾನು ಎಲ್ಲೂ ಸಿಗಲಿಲ್ಲ.

"ನಂಗೂ ಗೊತ್ತಿಲ್ಲ ಭಾವ."

ಅವರು ಬಹಳ ಹೊತ್ತು ನನ್ನನ್ನು ನೋಡಿದರು. "ನಿನ್ನ ಯಾರೂ ಕೇಳಲಿಲ್ಲ," ಅಂದರು. "ಅವ್ವ ಅಂದ್ಲು, ಮಾವ ಹೂಂ ಅಂದ್ರು, ನಾ ತಲಿ ಬಗ್ಗಿಸಿದೆ. ಆಕಿ ಹುಟ್ಟಿದ ಮನಿಯಿಂದ ಯಾರರ ಒಬ್ಬರು ಬಂದ್ರ ಆಕಿ ಪೂರ್ತಿ ಹೋಗಿರಂಗಿಲ್ಲ ಅನಸಿತ್ತು. ಆದ್ರ ಬಂದಾಕಿ ನೀನು. ಈಗ ಅಂಗಡ್ಯಾಗ ಕುಂತ್ರ ಮನಿಗಿ ಹೋಗಾಕ ಅವಸರ ಆಗತೈತಿ ಅರುಣಾ. ಅದು ಆಕಿ ಸಲುವಾಗಿ ಅಲ್ಲ. ನಂಗ ನೀ ಬೇಕಾಗಿ. ಇದನ್ನ ಯಾರ ಮುಂದ ಹೇಳ್ಲಿ? ಹೇಳಿದ್ರ ಆಕಿ ಇನ್ನೊಮ್ಮೆ ಸತ್ತಂಗ ಆಗತೈತಿ."

ನಾನು ಕಾದಿದ್ದದ್ದು ಈ ಮಾತಿಗೇ. ಅಡುಗೆಮನೆಯಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಒಣಹಾಕುವಾಗ ತಂತಿಯ ಕೆಳಗೆ, ಎಲ್ಲೆಲ್ಲೂ ಇದಕ್ಕೇ ಕಾದಿದ್ದೆ. ಬಂದಾಗ ಕುಣಿಯಬೇಕಿತ್ತು. ಬದಲಿಗೆ ಎದೆಯಲ್ಲಿ ಏನೋ ಕಲ್ಲಿನಂಥದ್ದು ಸರಿದು, ಅದರ ಕೆಳಗೆ ಅಕ್ಕ ಕಂಡಳು. ಭಾವನ ಹೆಂಡತಿಯಲ್ಲ, ಸಿರುಗುಪ್ಪದ ಅಂಗಡಿಯವಳೂ ಅಲ್ಲ, ನನ್ನ ಜಡೆ ಹೆಣೆಯುವಾಗ ಬೇಕೆಂದೇ ಜಗ್ಗುತ್ತಿದ್ದ ಅಕ್ಕ.

"ಭಾವ, ಅಕ್ಕ ಹೋದಾಗಿಂದ ನಾ ಅತ್ತಿಲ್ಲ."

ಅವರು ಅರ್ಥವಾಗದೆ ನೋಡಿದರು.

"ಮಣ್ಣು ಮಾಡಿ ಬಂದ ದಿನ ಅಳಾಕ ಕುಂತಿದ್ದೆ. ಯಾರೋ ಮುದುಕಿ ಬಂದು ನನ್ನ ಗದ್ದ ಹಿಡದು ನೋಡಿ, ಅವ್ವನ ಕಿವ್ಯಾಗ ಏನೋ ಅಂದ್ಲು. ಅವತ್ತಿಂದ ಎಲ್ಲಾರೂ ನನ್ನ ಬ್ಯಾರೆ ಕಣ್ಣಿಲೆ ನೋಡಾಕತ್ರು. ನಾ ಅತ್ರ ಅವ್ವ ಬಾಯಿ ಮುಚ್ಚತಿದ್ಲು. ಆಕಿ ಮನಿ ಬೆಳಗೋ ಹೆಣ್ಣು ಅಳಬಾರದಂತ. ನಿಮ್ಮ ಮನಿಗಿ ಬಂದ ಮ್ಯಾಲ ನಿಮ್ಮ ಮುಂದ ಹೆಂಗ ಅಳ್ಲಿ? ನಿಮ್ಮ ದುಃಖ ದೊಡ್ಡದು. ಶೇಖರನ ಹೆಂಡ್ತಿ ಸತ್ಲು ಅಂತ ಊರೆಲ್ಲ ಬಂತು. ನಿಮ್ಮಕ್ಕ ಸತ್ಲಲ್ಲವ್ವ ಅಂತ ನನ್ನ ಒಬ್ಬರೂ ಮಾತಾಡಸಲಿಲ್ಲ."

"ನಾನೂ ಮಾತಾಡಸಲಿಲ್ಲ," ಅಂದರು ಭಾವ.

"ನಂಗ ನೀವು ಬೇಕು. ಬಾಳ ಬೇಕು. ಆದ್ರ ಈಗ ಹೂಂ ಅಂದ್ರ ಅದೂ ಆ ಹಳೇ ಹೂಂನ ಆಗತೈತಿ. ನನ್ನ ಕುರುಗೋಡಿಗಿ ಬಿಡ್ರಿ. ಎಷ್ಟು ದಿನ ಅಂತ ಕೇಳಬ್ಯಾಡ್ರಿ."

"ತಿರುಗಿ ಬರ್ತಿಯೇನು?"

"ಗೊತ್ತಿಲ್ಲ. ಬಂದ್ರ ಅರುಣಾನ ಬರ್ತಾಳ. ಆಕಿ ಹೆಂಗದಾಳ ಅಂತ ನಂಗ ಗೊತ್ತಿಲ್ಲ. ನಿಮಗ ಸೇರ್ತಾಳೋ ಇಲ್ಲೋ ಅದೂ ಗೊತ್ತಿಲ್ಲ."

ಅವರು ಎದ್ದರು. ಹೋಗಿಬಿಡುತ್ತಾರೆ ಅಂದುಕೊಂಡೆ. ಕುರ್ಚಿಯನ್ನು ಎತ್ತಿ ತಂದು ನನ್ನ ಪಕ್ಕಕ್ಕೆ ಹಾಕಿ ಕುಳಿತರು. "ಹೋಗು," ಅಂದರು. "ಅವ್ವಗ ನಾ ಹೇಳ್ತೀನಿ. ನೀ ಬರದೇ ಇದ್ರೂ ನಾನ ಹೇಳ್ತೀನಿ, ತಪ್ಪು ನಂದು ಅಂತ. ನಿನ್ನ ಮ್ಯಾಲ ಯಾರೂ ಒಂದು ಮಾತು ಹೊರಸಬಾರದು."

ನಾನು ಅವರ ಹೆಗಲಿಗೆ ತಲೆ ಇಟ್ಟೆ. ಮದುವೆಯಾದ ಮೇಲೆ ಅದೇ ಮೊದಲು. ಅವರ ಶರ್ಟಿಗೆ ಉಪ್ಪುನೀರಿನ ವಾಸನೆಯಿತ್ತು. ಅನ್ನ ಆರಿತು, ಬತ್ತಿ ಗಾಳಿಗೆ ಕೆಟ್ಟಿತು, ಇಬ್ಬರೂ ಏಳಲಿಲ್ಲ.

*

ವಾಪಸು ಬರುವಾಗ ವಿಮಾನದಲ್ಲಿ ಭಾವ ಸೀಟಿನ ಹತ್ತಿರ ನಿಂತು, "ಎಲ್ಲಿ ಕೂಡ್ತಿ?" ಎಂದು ಕೇಳಿದರು. ದಾರಿಯ ಕಡೆ ಅಂದೆ. ಅವರು ಕಿಟಕಿಯ ಪಕ್ಕ ಹೋಗಿ ಕುಳಿತು, ಊರು ಬರುವವರೆಗೆ ಆಚೆಗೇ ನೋಡುತ್ತಿದ್ದರು. ನಡುವೆ ನಮ್ಮ ಕೈಗಳು ಹೆಣೆದುಕೊಂಡಿದ್ದವು. ಯಾರು ಮೊದಲು ಹಿಡಿದರೆಂದು ನೆನಪಿಲ್ಲ.

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ಸು ನಿಂತಿತ್ತು. ಭಾವ ನನ್ನ ಬ್ಯಾಗನ್ನು ಒಳಗಿಟ್ಟು, ಕೆಳಗಿಳಿದು, ಕಿಟಕಿಯ ಹತ್ತಿರ ಬಂದು ನಿಂತರು. ಸಿರುಗುಪ್ಪದ ಬಸ್ಸಿನ ಕಡೆ ಹೊರಟಿದ್ದ ಹುಲುಗಮ್ಮಕ್ಕ ನಮ್ಮನ್ನು ನೋಡಿ, "ಏನವ್ವ, ಟೂರಿಂದ ಸೀದಾ ತವರುಮನಿಗಾ?" ಅಂದಳು.

"ನಾನ ಕಳಸಾಕತ್ತೀನಿ ಅಕ್ಕಾ," ಅಂದರು ಭಾವ.

ಹುಲುಗಮ್ಮಕ್ಕ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಏನು ತಿಳಿಯಿತೋ, ಕಿಟಕಿಯೊಳಗೆ ಕೈ ಹಾಕಿ ನನ್ನ ಕೆನ್ನೆ ಸವರಿ, "ಹೋಗಿ ಬಾ ಅರುಣಾ," ಎಂದು ಹೊರಟಳು.

ಬಸ್ಸು ಸ್ಟಾರ್ಟ್ ಆಯಿತು. ಭಾವ ಕಿಟಕಿಯ ಸರಳು ಹಿಡಿದುಕೊಂಡೇ ಇದ್ದರು.

"ನಾ ಬರೂದು ಬ್ಯಾಡೇನು?"

"ನಾ ಕರದಾಗ ಬರ್ರಿ."

"ಕರೀದೇ ಇದ್ರ?"

ಬಸ್ಸು ಹೊರಟಿತು. ಅವರು ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಗೆ ನಡೆದು, ಆಮೇಲೆ ಬಿಟ್ಟರು. ತಿರುಗಿ ನೋಡಿದಾಗ ಜನರ ನಡುವೆ ಅವರ ಬಿಳಿ ಶರ್ಟು ಒಂದೇ ಕಾಣುತ್ತಿತ್ತು. ಅವರು ಸಿರುಗುಪ್ಪದ ಬಸ್ಸು ಹತ್ತದೆ ಅಲ್ಲೇ ನಿಂತಿದ್ದರು. ಇಳಿದುಬಿಡಲೇ ಅನಿಸಿತು. ಕಂಡಕ್ಟರ್ ಟಿಕೆಟ್ ಎಂದು ಬಂದ. ಕುರುಗೋಡು ಅಂದೆ.

ಊರು ದಾಟಿ ಕಲ್ಲುಗುಡ್ಡಗಳು ಶುರುವಾದಾಗ ಅಳು ಬಂತು. ಮೊದಲು ಕಣ್ಣೀರು, ಆಮೇಲೆ ದನಿ. ತಡೆಯಲು ಸೆರಗು ಬಾಯಿಗೆ ಹಿಡಿದೆ, ನಿಲ್ಲಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು. ಪಕ್ಕದಲ್ಲಿ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಯಾಕ ತಂಗಿ? ಯಾರರ ತೀರಿಕೊಂಡ್ರಾ?"

"ಹೂಂ. ನಮ್ಮಕ್ಕ," ಅಂದೆ.

"ಅಯ್ಯ ತಾಯಿ. ಒಡಹುಟ್ಟಿದಾಕೀನಾ?"

"ಒಡಹುಟ್ಟಿದಾಕಿ."

ಅವಳು ಯಾವಾಗ, ಹೇಗೆ ಎಂದು ಕೇಳಲಿಲ್ಲ. ಚೀಲವನ್ನು ಕಾಲ ಕೆಳಗೆ ಸರಿಸಿ, ನನ್ನ ತಲೆಯನ್ನು ಎಳೆದು ತನ್ನ ಮಡಿಲಿಗೆ ಹಾಕಿಕೊಂಡಳು. "ಅಳವ್ವ, ಅತ್ತುಬಿಡು," ಅಂದಳು. ಕುರುಗೋಡು ಬರುವವರೆಗೆ ನಾನು ಅತ್ತೆ.